ಫೋನ್ ಹೋಲ್ಡಿನಲ್ಲಿ ಸಿಕ್ಕ ಮೋಹನ

ಅಮ್ಮನ ಕಣ್ಣಿನ ಪೊರೆ ಆಪರೇಷನ್ನಿನ ಕ್ಲೇಮ್ ಎಲ್ಲಿಗೆ ಬಂತು ಎಂದು ಕೇಳಲು ವಿಮೆ ಕಂಪನಿಗೆ ಫೋನ್ ಮಾಡಿದ್ದೆ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹೇಳಿ ಒಂದು ಹೆಣ್ಣು ದನಿ ಮಾಯವಾಯಿತು. ಆಮೇಲೆ ಬರೀ ಸಂಗೀತ. ಐದು ನಿಮಿಷ ಕಿವಿಗೆ ಹಿಡಿದು, ಕೈ ಸೋತು, ಸ್ಪೀಕರ್ ಹಾಕಿ ಅಡುಗೆಕಟ್ಟೆಯ ಮೇಲಿಟ್ಟೆ. ಅಮ್ಮ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಕೈ ನಿಂತಿತು.

“ಇದು ಮೋಹನ ಕಣೋ.”

“ಯಾವ ಮೋಹನ?” ಎಂದೆ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನ ಹೆಸರೂ ಅದೇ.

“ರಾಗ ಕಣೋ, ದಡ್ಡ. ಪ ಗ ರಿ ಸ ರಿ ಗ, ಪ ಗ ರಿ ಸ, ರಿಗರಿಗ... ಕೇಳ್ಕೋ.”

ಕೇಳಿಸಿಕೊಂಡೆ. ಹೌದು. ಆ ಕಳಪೆ ಫೋನ್ ಸ್ಪೀಕರಿನಲ್ಲೂ ಕೊಳಲಿನಂಥದ್ದು ಏನೋ ಒಂದು ನಿಧಾನವಾಗಿ ಇಳಿದು ಹತ್ತುತ್ತಿತ್ತು. ಮಧ್ಯಮ ಇಲ್ಲ, ನಿಷಾದ ಇಲ್ಲ. ಚಿಕ್ಕಂದಿನಲ್ಲಿ ನನ್ನ ಕಿವಿ ಹಿಂಡಿ ‘ವರವೀಣಾ ಮೃದುಪಾಣಿ’ ಹೇಳಿಕೊಟ್ಟವಳು ಇವಳೇ. ಅದೂ ಮೋಹನವೇ. ಗೀತೆ ಮುಗಿದು ವರ್ಣಕ್ಕೆ ಬರುವ ಹೊತ್ತಿಗೆ ನಾನು ಕ್ರಿಕೆಟ್ ಬ್ಯಾಟು ಹಿಡಿದು ಓಡಿಹೋಗಿದ್ದೆ. ಆ ವಿಷಯ ನಮ್ಮ ಮನೆಯಲ್ಲಿ ಇವತ್ತಿಗೂ ಹಬ್ಬಹರಿದಿನಗಳಲ್ಲಿ ಎದ್ದು ಬರುತ್ತದೆ.

ಕ್ಲೇಮಿನ ಕತೆ ಬಿಡಿ. ಆ ಸಂಜೆ ಮಗಳು, ಕೇಳಿಸಿದ ಸಂಗೀತ ಯಾವುದೆಂದು ಹೇಳುವ ಆ್ಯಪ್ ತೆರೆದುಕೊಂಡು ಮತ್ತೆ ಅದೇ ನಂಬರಿಗೆ ಫೋನ್ ಮಾಡಿದಳು. ಅಷ್ಟು ಸಲ ಕಾಯಿಸಿದವರು ಆವತ್ತು ಹದಿನೈದೇ ಸೆಕೆಂಡಿಗೆ ಎತ್ತಿ “ಹೇಳಿ ಮೇಡಂ” ಅನ್ನಬೇಕೆ! ಅವಳು ಗಾಬರಿಯಾಗಿ ಕಟ್ ಮಾಡಿದಳು. ಆದರೆ ಆ್ಯಪಿಗೆ ಹದಿನೈದು ಸೆಕೆಂಡು ಸಾಕಾಗಿತ್ತು. ನಾರ್ವೆ ದೇಶದ ಎಡ್ವರ್ಡ್ ಗ್ರೀಗ್ ಬರೆದ ‘ಮಾರ್ನಿಂಗ್ ಮೂಡ್’. ಇಬ್ಸೆನ್ನನ ‘ಪೀರ್ ಗಿಂಟ್’ ನಾಟಕಕ್ಕೆಂದು ಮಾಡಿದ ಸಂಗೀತ. ನಾಟಕ ಮೊದಲು ರಂಗಕ್ಕೆ ಬಂದದ್ದು 1876ರ ಫೆಬ್ರವರಿ 24ರಂದು, ಈಗ ಓಸ್ಲೊ ಎನ್ನುವ ಊರಿನಲ್ಲಿ. ಅದರಿಂದ ನಾಲ್ಕು ತುಣುಕು ಆರಿಸಿ ಗ್ರೀಗ್ ಒಂದು ‘ಸ್ವೀಟ್’ (suite), ಅಂದರೆ ಒಂದರ ಹಿಂದೊಂದು ನುಡಿಸುವ ಗೊಂಚಲು, ಮಾಡಿದ. ಅದು 1888ರಲ್ಲಿ ಅಚ್ಚಾಯಿತು. ನಾವು ಕೇಳಿದ್ದು ಅದರ ಮೊದಲ ತುಣುಕು.

“ಬೆಳಗಿಗೆ ಮೋಹನ ಯಾಕಂತೆ? ಭೂಪಾಳ ಇಲ್ವಾ, ಬೌಳಿ ಇಲ್ವಾ?” ಎಂದು ಅಮ್ಮ ಆಕ್ಷೇಪ ತೆಗೆದಳು. ನಾರ್ವೆಯಲ್ಲಿ ಬೌಳಿ ಸಿಗುವುದಿಲ್ಲವಮ್ಮ ಎಂದೆ. ತಮಾಷೆಯೆಂದರೆ ಅದು ನಾರ್ವೆಯ ಬೆಳಗೂ ಅಲ್ಲ. ಕೇಳಿದವರೆಲ್ಲ ಹಿಮ, ಕೊಲ್ಲಿ, ದೇವದಾರು ಅಂತ ಕಲ್ಪಿಸಿಕೊಳ್ಳುತ್ತಾರೆ. ನಾಟಕದಲ್ಲಿ ಅದು ಬರುವುದು ನಾಲ್ಕನೇ ಅಂಕದಲ್ಲಿ, ಆಫ್ರಿಕಾದ ಮೊರಾಕ್ಕೋದಲ್ಲಿ. ಜೊತೆಗಾರರು ಹಡಗು ಹೊಡೆದುಕೊಂಡು ಹೋಗಿ, ನಾಯಕ ಒಂಟಿಯಾಗಿ ಉಳಿದಿದ್ದಾನೆ. ಹೋಲ್ಡಿನಲ್ಲಿ ಕೂತವನ ಪಾಡಿಗೆ ಇದು ಅಷ್ಟೇನೂ ದೂರವಲ್ಲ.

ಮನೆಯಲ್ಲಿ ಮಗಳಿಗೆಂದು ತಂದ ಡಿಜಿಟಲ್ ಪಿಯಾನೊ ಇತ್ತು, 88 ಮನೆಯದ್ದು, ಅಂದರೆ ಬೆರಳಲ್ಲಿ ಒತ್ತುವ ಕೀಲಿ ಅಷ್ಟು. ರಾತ್ರಿ ಹತ್ತರ ಮೇಲೆ ಅದು ನನ್ನದು. ಹೆಡ್‌ಫೋನ್ ಹಾಕಿಕೊಂಡು ನುಡಿಸಿದರೆ ಹೊರಗಿನವರಿಗೆ ಕೇಳುವುದು ಬರೀ ಟಕಟಕ. ನನ್ನ ಹೆಂಡತಿ ಅದನ್ನು ಟೈಪಿಂಗ್ ಕ್ಲಾಸ್ ಎಂದು ಕರೆಯುತ್ತಾಳೆ. ಎರಡು ವರ್ಷದ ಟೈಪಿಂಗಿನಲ್ಲಿ ಐದು ಗೆರೆಯ ನೊಟೇಶನ್ ತಡವರಿಸುತ್ತಲೇ ಓದುವಷ್ಟು ಕಲಿತಿದ್ದೆ. ಇದನ್ನು ಕಲಿಯಬೇಕು ಅನ್ನಿಸಿತು. ಶೀಟ್ ಮ್ಯೂಸಿಕ್ ಸಿಕ್ಕರೆ ಆಯಿತಲ್ಲ, ಏನು ಮಹಾ.

ಮೊದಲು ಅಂಗಡಿ. ಒಂದು ಶನಿವಾರ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಸಾಲಿನಲ್ಲಿ ಅಲೆದೆ. ಎಂಜಿನಿಯರಿಂಗ್ ಗೈಡುಗಳ ರಾಶಿಯ ನಡುವೆ ಪಿಯಾನೊ ಗ್ರೇಡ್ ಪರೀಕ್ಷೆಯ ಒಂದೆರಡು ಪುಸ್ತಕ, ಒಂದು ಕೀರ್ತನೆಗಳ ಪುಸ್ತಕ, ಹಿಂದಿ ಸಿನಿಮಾ ಹಾಡುಗಳ ಕೀಬೋರ್ಡ್ ಗೈಡು. ಚರ್ಚ್ ಸ್ಟ್ರೀಟಿನಲ್ಲೂ ಇಲ್ಲ. ಸಂಗೀತ ವಾದ್ಯಗಳ ಅಂಗಡಿಯಲ್ಲಿ ಹುಡುಗನೊಬ್ಬ “ಸರ್, ಈಗ ಯಾರೂ ಪುಸ್ತಕ ತಗೊಳಲ್ಲ, ಯೂಟ್ಯೂಬಲ್ಲಿ ಬಣ್ಣದ ಪಟ್ಟಿ ಬೀಳತ್ತಲ್ಲ, ನೋಡ್ಕೊಂಡ್ ನುಡಿಸ್ತಾರೆ” ಎಂದ. ಅದನ್ನೂ ನೋಡಿದೆ. ಮಳೆ ಹನಿಯ ಹಾಗೆ ಹಸಿರು ನೀಲಿ ಪಟ್ಟಿಗಳು ಮನೆಗಳ ಮೇಲೆ ಬೀಳುತ್ತವೆ, ಬಿದ್ದಲ್ಲಿ ಬೆರಳು ಒತ್ತಬೇಕು. ಬೆರಳು ಎಲ್ಲಿಗೆ ಹೋಗಬೇಕು ಎಂದು ತಿಳಿಯುತ್ತದೆ, ಯಾಕೆ ಎಂದು ತಿಳಿಯುವುದಿಲ್ಲ. ನನ್ನ ವಯಸ್ಸಿನವರಿಗೆ ಕಣ್ಣೂ ಉರಿಯುತ್ತದೆ.

ಕೊನೆಗೆ ದುಡ್ಡು ಕೊಟ್ಟರೆ ಇಳಿಸಿಕೊಳ್ಳಬಹುದಾದ ಒಂದು ಜಾಲತಾಣದಲ್ಲಿ 350 ರೂಪಾಯಿ ಕೊಟ್ಟು ಎರಡು ಪುಟದ್ದನ್ನು ತಂದೆ. ‘ಸುಲಭ ಪಿಯಾನೊ’ ಎಂದು ಬರೆದಿತ್ತು. ಎಲ್ಲ ಬಿಳಿ ಮನೆ, ಎಡಗೈಗೆ ಬರೀ ಒಂದೊಂದು ಸ್ವರ. ಎರಡು ವಾರದಲ್ಲಿ ಕೈಗೆ ಬಂತು. ಒಂದು ಭಾನುವಾರ ಹೆಡ್‌ಫೋನ್ ಕಿತ್ತು, ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ನುಡಿಸಿದೆ.

“ಚೆನ್ನಾಗಿದೆ,” ಎಂದಳು. ಆ ದನಿ ನನಗೆ ಗೊತ್ತು; ಬೀಗರ ಮನೆಯ ಸಾರಿಗೆ ಹೇಳುವ ‘ಚೆನ್ನಾಗಿದೆ’ ಅದು. “ಆದ್ರೆ ಬೆಳಕೇ ಹರೀಲಿಲ್ಲವಲ್ಲೋ. ಇದು ಯಾರ ಪಾಠ?”

ಹಾಳೆ ನೋಡಿದೆ. ಅರೇಂಜ್ ಮಾಡಿದವರ ಹೆಸರಿನ ಜಾಗದಲ್ಲಿ ಯಾರದೋ ಅಡ್ಡಹೆಸರು, ಅದರ ಬಾಲಕ್ಕೆ ನಾಲ್ಕು ಅಂಕಿ.

ಯಾರ ಪಾಠ ಎನ್ನುವ ಪ್ರಶ್ನೆ ಅಮ್ಮನ ಕಾಲದ ಸಂಗೀತದವರಿಗೆ ಊಟ ಆಯ್ತಾ ಎನ್ನುವಷ್ಟು ಸಹಜ. ಕೃತಿ ತ್ಯಾಗರಾಜರದೇ ಇರಬಹುದು, ಆದರೆ ಯಾವ ಗುರುವಿನ ಕೈಯಲ್ಲಿ ಹಾದು ಬಂದದ್ದು, ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ಸಂಗತಿ ಎಷ್ಟು, ಚರಣದಲ್ಲಿ ಎಲ್ಲಿ ತಿರುವು ಎನ್ನುವುದು ಪಾಠಾಂತರದ ವಿಷಯ. ಅವಳ ಹತ್ತಿರ ಇರುವ ರೂಲ್ಡ್ ನೋಟ್‌ಬುಕ್ಕುಗಳಲ್ಲಿ ಸ್ವರಗಳಿವೆ, ಮೇಲೆ ಕೆಳಗೆ ಸ್ಥಾಯಿಯ ಚುಕ್ಕಿಗಳಿವೆ, ಎಳೆಯುವಲ್ಲಿ ಕಾಮಾ ಇದೆ. ಸ್ವರವನ್ನು ತೂಗಿಸುವ ಗಮಕ ಇಲ್ಲ. ಅದನ್ನು ಬರೆಯುವ ಅಗತ್ಯವೇ ಇರಲಿಲ್ಲ, ಹೇಳಿಕೊಟ್ಟವರ ಗಂಟಲು ಕಿವಿಯಲ್ಲಿ ಇರುತ್ತಿತ್ತಲ್ಲ. ಪುಸ್ತಕ ನೆನಪಿಗೆ ಒಂದು ಊರುಗೋಲು. ಪಾಶ್ಚಾತ್ಯ ಸಂಗೀತದಲ್ಲಿ ಹಾಗಲ್ಲ, ಅಲ್ಲಿ ಬರೆದದ್ದೇ ಕೃತಿ, ಅಚ್ಚಾದದ್ದೇ ಕೊನೆ ಮಾತು ಎಂದು ನಾನು ತಿಳಿದಿದ್ದೆ. ಅದು ಅರ್ಧ ಸತ್ಯ. ಎಪ್ಪತ್ತು ಎಂಬತ್ತು ಜನ ನುಡಿಸುವುದನ್ನು ಹತ್ತು ಬೆರಳಿಗೆ ತರಬೇಕಾದರೆ ಯಾರೋ ಒಬ್ಬರು ಕೂತು ಕೇಳಬೇಕು, ಏನು ಇರಲಿ ಏನು ಹೋಗಲಿ ಎಂದು ತೀರ್ಮಾನಿಸಬೇಕು. ಅದು ಅವರ ಪಾಠ. ನಾನು ಹಾಳೆ ಹುಡುಕುತ್ತಿದ್ದೇನೆ ಎಂದುಕೊಂಡಿದ್ದೆ. ಯಾರ ಕಿವಿಯನ್ನು ನಂಬಬೇಕು ಎಂದು ಹುಡುಕುತ್ತಿದ್ದೆ.

ಮೂಲವನ್ನೇ ನೋಡೋಣ ಎನ್ನುವ ಹಟ ಹತ್ತಿತು. ಹಳೆಯ ಸ್ಕೋರುಗಳಿಗೆ, ಅಂದರೆ ಕೃತಿಯ ಸ್ವರಗಳನ್ನು ಬರೆದ ಹಾಳೆಗಳಿಗೆ, ಐಎಂಎಸ್‌ಎಲ್‌ಪಿ ಎನ್ನುವ ಒಂದು ಅಂತರ್ಜಾಲ ಭಂಡಾರ ಇದೆ. 2006ರಲ್ಲಿ ಎಡ್ವರ್ಡ್ ಗುವೊ ಎನ್ನುವ, ಆಗಿನ್ನೂ ಓದುತ್ತಿದ್ದ ಹುಡುಗ ಶುರು ಮಾಡಿದ್ದು. ಅದಕ್ಕೆ ಪೆಟ್ರುಚ್ಚಿ ಲೈಬ್ರರಿ ಎಂದೂ ಹೆಸರು. 1501ರಲ್ಲಿ ವೆನಿಸ್ಸಿನಲ್ಲಿ ಅಚ್ಚುಮೊಳೆಯಿಂದ ಸಂಗೀತ ಪುಸ್ತಕ ಮುದ್ರಿಸಿದ ಪೆಟ್ರುಚ್ಚಿಯ ನೆನಪಿಗೆ. 2007ರ ಅಕ್ಟೋಬರಿನಲ್ಲಿ ಯುರೋಪಿನ ಒಂದು ಪ್ರಕಾಶನ ಸಂಸ್ಥೆಯ ಲಾಯರ್ ನೋಟೀಸಿಗೆ ಹೆದರಿ ಅದು ಬಾಗಿಲು ಹಾಕಿತ್ತು, 2008ರ ಜೂನಿನಲ್ಲಿ ಮತ್ತೆ ತೆರೆಯಿತು. ಜಗಳ ಕಾಪಿರೈಟಿನದ್ದು. ಒಂದೊಂದು ದೇಶದಲ್ಲಿ ಒಂದೊಂದು ಲೆಕ್ಕ: ನಮ್ಮಲ್ಲಿ ಕರ್ತೃ ತೀರಿಕೊಂಡ ಮೇಲೆ 60 ವರ್ಷ, ಯುರೋಪಿನಲ್ಲಿ 70. ಗ್ರೀಗ್ ಹೋದದ್ದು 1907ರಲ್ಲಿ, ಹಾಗಾಗಿ ಅವನು ಬರೆದದ್ದು ಈಗ ಊರ ಆಸ್ತಿ. ಆದರೆ ಅದನ್ನೇ ಇವತ್ತು ಯಾರಾದರೂ ಹೊಸದಾಗಿ ಪಿಯಾನೊಗೆ ಅಳವಡಿಸಿದರೆ ಆ ಅಳವಡಿಕೆ ಅವರದು. ಗಾಂಧಿ ಬಜಾರಿನ ಜೆರಾಕ್ಸ್ ಅಂಗಡಿಗಳ ನೆರಳಿನಲ್ಲಿ ಬೆಳೆದ ನನಗೆ ಈ ವ್ಯತ್ಯಾಸ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಅಲ್ಲಿ ಪೂರ್ಣ ಸ್ಕೋರ್ ಸಿಕ್ಕಿತು. ಉತ್ಸಾಹದಲ್ಲಿ ಪೆನ್ ಡ್ರೈವಿಗೆ ಹಾಕಿಕೊಂಡು ಅಂಗಡಿಗೆ ಓಡಿದೆ. ಎ-4 ಹಾಳೆಯಲ್ಲಿ ಸ್ವರಗಳು ಸಾಸಿವೆ ಚೆಲ್ಲಿದ ಹಾಗೆ ಬಂದವು. ಎ-3 ಹಾಕಿಸಿದೆ. ಅಂಗಡಿಯವರು ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದು, “ಸೈಟ್ ಪ್ಲಾನಾ ಸರ್? ಇಷ್ಟೊಂದ್ ಫ್ಲೋರು?” ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಮೇಲಿನ ಮಹಡಿಯಲ್ಲಿ ಕೊಳಲು, ಅದರ ಕೆಳಗೆ ಓಬೋ, ಕ್ಲಾರಿನೆಟ್, ಬಸೂನ್, ಆಮೇಲೆ ಹಾರ್ನ್, ಟ್ರಂಪೆಟ್, ತಮಟೆಯ ಗುಂಪು, ನೆಲದಲ್ಲಿ ಪಿಟೀಲು, ವಿಯೋಲಾ, ಚೆಲ್ಲೊ, ಎಲ್ಲಕ್ಕಿಂತ ಕೆಳಗೆ ಡಬಲ್ ಬಾಸ್. ಓದುವುದು ಎಡದಿಂದ ಬಲಕ್ಕೂ ಹೌದು, ಮೇಲಿಂದ ಕೆಳಕ್ಕೂ ಹೌದು.

ಅಲ್ಲೊಂದು ಕಡೆ ಸಿಕ್ಕಿಹಾಕಿಕೊಂಡೆ. ಎಲ್ಲ ವಾದ್ಯಗಳೂ ಒಟ್ಟಿಗೆ ನುಡಿಸುವ ಜಾಗದಲ್ಲಿ ಕ್ಲಾರಿನೆಟ್ಟಿಗೂ ಹಾರ್ನಿಗೂ ಬರೆದಿರುವ ಸ್ವರಗಳೇ ಬೇರೆ. ಪಿಯಾನೊದಲ್ಲಿ ಹಾಗೇ ಒತ್ತಿದರೆ ಅಪಸ್ವರ. ಮುದ್ರಣದೋಷ ಎಂದುಕೊಂಡೆ. ಪುಟ ತಿರುವಿದರೆ ಎಲ್ಲ ಪುಟದಲ್ಲೂ ಅದೇ ದೋಷ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಅಮ್ಮನ ಹತ್ತಿರ ಬರುವ ಕೊಳಲಿನ ಹುಡುಗ ನೆನಪಾದ. ಅವನ ಚೀಲದಲ್ಲಿ ಆರೇಳು ಕೊಳಲು. ಹಾಡುವವರ ಶ್ರುತಿಗೆ ತಕ್ಕ ಕೊಳಲು ತೆಗೆಯುತ್ತಾನೆ. ಕೊಳಲು ಬದಲಾದರೂ ಬೆರಳು ಬದಲಾಗುವುದಿಲ್ಲ, ಅವನಿಗೆ ಅದೇ ಸ, ಅದೇ ರಿ. ಕ್ಲಾರಿನೆಟ್ಟಿನ ಲೆಕ್ಕವೂ ಇದೇ. ಉದ್ದ ಬೇರೆ ಬೇರೆಯ ಕ್ಲಾರಿನೆಟ್ಟುಗಳಿವೆ, ನುಡಿಸುವವರ ಬೆರಳು ತಪ್ಪದಿರಲಿ ಎಂದು ಸ್ವರವನ್ನು ಆ ವಾದ್ಯದ ಶ್ರುತಿಗೆ ಸರಿಸಿ ಬರೆಯುತ್ತಾರೆ. ಪ್ರತಿ ವಾದ್ಯಕ್ಕೂ ಅದರದೇ ಆಧಾರ ಷಡ್ಜ! ಇಂಗ್ಲಿಷಿನಲ್ಲಿ ಮೂರು ಲೇಖನ ಓದಿ ಅರ್ಥವಾಗದ್ದು ಆ ಚೀಲ ನೆನಪಾದ ಕೂಡಲೇ ಅರ್ಥವಾಯಿತು.

ಆದರೂ ಆ ಹದಿನೈದು ಮಹಡಿಯನ್ನು ನಾನೇ ಎರಡು ಮಹಡಿಗೆ ಇಳಿಸುವುದು ಆಗುವ ಮಾತಲ್ಲ. ನಾಲ್ಕು ಬಾರ್ (ನಮ್ಮ ತಾಳದ ಆವರ್ತದಂಥದ್ದು) ಮಾಡಲು ನಾಲ್ಕು ರಾತ್ರಿ ಹಿಡಿಯಿತು. ಎಲ್ಲವನ್ನೂ ತುಂಬಲು ಹೋಗಿ, ಕೈ ಬಿಡಿಸಲಾಗದ ಜಾತ್ರೆಯಾಯಿತು.

ಮಗಳ ಪಿಯಾನೊ ಮಿಸ್ ಕುಕ್ ಟೌನಿನಲ್ಲಿದ್ದಾರೆ. ಮಗಳನ್ನು ಕ್ಲಾಸಿಗೆ ಬಿಡಲು ಹೋದಾಗ ಆ ಎ-3 ಕಟ್ಟನ್ನು ಸಂಕೋಚದಿಂದ ತೋರಿಸಿದೆ. ಅವರು ನಗಲಿಲ್ಲ. “ಗ್ರೀಗ್ ತಾನೇ ಪಿಯಾನೊಗೆ ಬರೆದಿದ್ದಾನಲ್ಲ, ಅದನ್ನ ಯಾಕೆ ನೋಡ್ಲಿಲ್ಲ ನೀವು?” ಎಂದರು, ಅಷ್ಟೇ ಸಲೀಸಾಗಿ. ಮನೆಗೆ ಬಂದು ನೋಡಿದರೆ ಅದೇ ಭಂಡಾರದಲ್ಲಿ, ಅದೇ ಪುಟದಲ್ಲಿ, ಅರೇಂಜ್‌ಮೆಂಟುಗಳ ಪಟ್ಟಿಯ ಹಿಂದೆ ಅಡಗಿ ಕೂತಿದೆ. ಓಪಸ್ 46, ಅಂದರೆ ಅವನ ಕೃತಿಗಳ ಪಟ್ಟಿಯಲ್ಲಿ 46ನೇ ಸಂಖ್ಯೆ, ಎರಡು ಕೈಗೆ, ಕರ್ತೃವಿನದೇ ಅಳವಡಿಕೆ. ಪ್ರಕಾಶಕರು ಪೀಟರ್ಸ್, ಲೈಪ್ಸಿಗ್. ನಾನು ಆ ಪಟ್ಟಿಯನ್ನು ಒತ್ತಿಯೇ ಇರಲಿಲ್ಲ. ಅರೇಂಜ್‌ಮೆಂಟ್ ಎಂದರೆ ಎರಡನೇ ದರ್ಜೆಯದ್ದು ಎಂದು ಆ 350 ರೂಪಾಯಿಯ ಹಾಳೆ ನನಗೆ ಕಲಿಸಿಬಿಟ್ಟಿತ್ತು.

ಇದರ ಹಿನ್ನೆಲೆ ಓದುತ್ತಾ ಹೋದ ಹಾಗೆ ನನ್ನ ದಡ್ಡತನ ಇನ್ನಷ್ಟು ಬಯಲಾಯಿತು. ಗ್ರಾಮಫೋನ್ ಬರುವ ಮೊದಲು ಒಂದು ಸಿಂಫನಿಯನ್ನು ಮತ್ತೆ ಕೇಳಬೇಕು ಅನ್ನಿಸಿದರೆ ಯುರೋಪಿನವರಿಗಿದ್ದ ದಾರಿ ಮನೆಯ ಪಿಯಾನೊ. ಇಬ್ಬರು ಪಕ್ಕಪಕ್ಕ ಕೂತು ನಾಲ್ಕು ಕೈಯಲ್ಲಿ ನುಡಿಸುವ ಅಳವಡಿಕೆಗಳು ರಾಶಿ ರಾಶಿ ಅಚ್ಚಾಗುತ್ತಿದ್ದವು. ಬೀಥೋವನ್ನನ ಸಿಂಫನಿಗಳನ್ನು ಅವನ ಶಿಷ್ಯ ಚೆರ್ನಿಯೇ ನಾಲ್ಕು ಕೈಗೆ ಇಳಿಸಿದ. ಬ್ರಾಮ್ಸ್ ತನ್ನ ಸಿಂಫನಿಗಳನ್ನು ತಾನೇ ಇಳಿಸಿದ. ಲಿಸ್ಟ್ ಇನ್ನೂ ಮುಂದೆ ಹೋಗಿ ಬೀಥೋವನ್ನನ ಒಂಬತ್ತನ್ನೂ ಒಬ್ಬನೇ ನುಡಿಸುವ ಹಾಗೆ ಎರಡೇ ಕೈಗೆ ತಂದ. ಪೂರ್ತಿ ಕಟ್ಟು 1865ರಲ್ಲಿ ಹೊರಬಂತು. ನನ್ನಂಥವರಿಗೆ ಅದು ನೋಡುವುದಕ್ಕೆ ಮಾತ್ರ. ತಿರುಗುಮುರುಗೂ ಇದೆ: ಮುಸೋರ್ಗ್‌ಸ್ಕಿ 1874ರಲ್ಲಿ ಪಿಯಾನೊಗೆಂದೇ ಬರೆದ ‘ಚಿತ್ರಪ್ರದರ್ಶನ’ವನ್ನು ರಾವೆಲ್ 1922ರಲ್ಲಿ ವಾದ್ಯವೃಂದಕ್ಕೆ ಹಬ್ಬಿಸಿದ, ಈಗ ಜನ ಅದನ್ನೇ ಮೂಲ ಎಂದುಕೊಂಡಿದ್ದಾರೆ.

ಈ ನಾಡಿಗೆ ಪಿಯಾನೊ ಹೊಸದೇನಲ್ಲ ಎಂಬುದನ್ನೂ ಹೇಳಬೇಕು, ಯಾಕೆಂದರೆ ನನ್ನ ಟೈಪಿಂಗ್ ಕ್ಲಾಸನ್ನು ಸಾಫ್ಟ್‌ವೇರ್ ಕಾಲದ ಶೋಕಿ ಎಂದು ನೆಂಟರೊಬ್ಬರು ಅಂದರು. ಮೈಸೂರು ಅರಮನೆಯಲ್ಲಿ ವೀಣೆ ಶೇಷಣ್ಣನವರು ಪಿಯಾನೊವನ್ನೂ ನುಡಿಸುತ್ತಿದ್ದರು. ಜಯಚಾಮರಾಜ ಒಡೆಯರು ಪಿಯಾನೊ ಕಲಿತವರು. ರಷ್ಯದ ಮೆಟ್ನರ್ ಎಂಬ ಸಂಗೀತಗಾರ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಅವರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಹಾಡಲ್ಪಟ್ಟದ್ದೂ ಅವರ ನೆರವಿನಿಂದ. ಅದೇ ಒಡೆಯರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. ನೆಂಟರಿಗೆ ಇದನ್ನೆಲ್ಲ ಹೇಳಿದೆ. ಅವರು ಕಾಫಿಗೆ ಸಕ್ಕರೆ ಕಡಿಮೆ ಎಂದರು.

ಗ್ರೀಗ್ ಪಾಠ ಹಿಡಿದು ಕೂತೆ. ಇ ಮೇಜರ್, ಅಂದರೆ ಇ ಎನ್ನುವ ಮನೆಯೇ ಷಡ್ಜ. ನಾಲ್ಕು ಶಾರ್ಪ್, ಕೈಯೆಲ್ಲ ಕಪ್ಪು ಮನೆಗಳ ಮೇಲೆ. ಬೆರಳು ಜಾರುತ್ತಿದ್ದಾಗಲೆಲ್ಲ ಆ ಎಲ್ಲ ಬಿಳಿ ಮನೆಯ ಹಾಳೆ ಎಷ್ಟು ಸುಖವಾಗಿತ್ತು ಅನ್ನಿಸುತ್ತಿತ್ತು. ಕೆಲವು ದಿನದ ಮೇಲೆ ಗೊತ್ತಾಯಿತು, ಕಪ್ಪು ಮನೆ ಎತ್ತರವಾಗಿರುವುದರಿಂದ ಉದ್ದ ಬೆರಳುಗಳು ಅಲ್ಲಿ ಆರಾಮವಾಗಿ ಕೂರುತ್ತವೆ. ಇದನ್ನು ನೋಡುತ್ತಿದ್ದ ಮಗಳು ಅಜ್ಜಿಯನ್ನು ಕರೆದು, “ಅಜ್ಜಿ, ಈ ಕಪ್ಪು ಮನೆಗಳನ್ನ ಇಲ್ಲಿಂದ ಸಾಲಾಗಿ ಒತ್ತು” ಎಂದಳು. ಎಫ್ ಶಾರ್ಪ್‌ನಿಂದ ಹೊರಟರೆ ಐದು ಕಪ್ಪು ಮನೆಗಳು ಅಚ್ಚುಕಟ್ಟಾಗಿ ಸ ರಿ ಗ ಪ ದ. ಅಮ್ಮ ಆಪರೇಷನ್ ಆದ ಕಣ್ಣನ್ನು ಕಿರಿದು ಮಾಡಿಕೊಂಡು, ಒಂದೇ ಬೆರಳಿನಲ್ಲಿ, ಗ ಗ ಪಾ ಪಾ ಎಂದು ವರವೀಣಾ ಹುಡುಕಿ ತೆಗೆದಳು. “ಬಿಳೀದು ಮುಟ್ಟದೇ ಇದ್ರೆ ತಪ್ಪೇ ಆಗಲ್ವಲ್ಲೇ!” ಎಂದು ಮೊಮ್ಮಗಳಿಗೆ ಹೇಳಿದಳು. ಆಮೇಲೆ ಒಂದು ವಾರ ಮಧ್ಯಾಹ್ನಗಳಲ್ಲಿ ಪಿಯಾನೊ ಅವಳದಾಗಿತ್ತು ಎಂದು ಹೆಂಡತಿ ಹೇಳಿದಳು.

ಆದರೆ ನಾನು ನುಡಿಸುವಾಗ ಒಂದು ಜಾಗದಲ್ಲಿ ಅವಳು ತಪ್ಪದೇ ಮುಖ ಹಿಂಡುತ್ತಿದ್ದಳು. ಮೊದಲು ಕೊಳಲು ಹೇಳಿದ್ದನ್ನು ಓಬೋ ಹೇಳುತ್ತದೆ, ಮತ್ತೆ ಕೊಳಲು. ಹೀಗೆ ಕೈ ಬದಲಾಗುತ್ತಲೇ ರಾಗ ತನ್ನ ಷಡ್ಜವನ್ನು ಬಿಟ್ಟು ಬೇರೆ ಮನೆಗೆ ಹೋಗಿ ಕೂರುತ್ತದೆ. “ಶ್ರುತಿ ತಪ್ಪಿತು ನೋಡು,” ಎನ್ನುತ್ತಿದ್ದಳು. ತಪ್ಪಿದ್ದಲ್ಲಮ್ಮ, ಬೇಕೂಂತ ಬಿಟ್ಟಿದ್ದು ಎಂದರೆ ಕೇಳಬೇಕಲ್ಲ. ತಂಬೂರಿಯನ್ನು ತೊಡೆಯ ಮೇಲಿಟ್ಟುಕೊಂಡು ಅರವತ್ತು ವರ್ಷ ಕಳೆದವಳಿಗೆ ಷಡ್ಜ ಎದ್ದು ನಡೆದುಹೋಗುವುದೆಂದರೆ ಮನೆಯ ನೆಲವೇ ಜಾರಿದ ಹಾಗೆ. ನಾನೂ ಅವಳ ಮಗನೇ. ಆ ಬಾರ್‌ಗಳಲ್ಲಿ ನನಗೂ ಹೊಟ್ಟೆ ಕಲಸುತ್ತದೆ. 20 ಬಾರ್ ದಾಟಿದ ಮೇಲೆ, ಅಷ್ಟೆಲ್ಲ ಅಲೆದು, ತಂತಿವಾದ್ಯಗಳೆಲ್ಲ ಒಟ್ಟಾಗಿ ಅದೇ ರಾಗವನ್ನು ಹಳೆಯ ಷಡ್ಜಕ್ಕೆ ತಂದು ಜೋರಾಗಿ ಎತ್ತಿಕೊಳ್ಳುತ್ತವೆ. ಮೋಡ ಸೀಳಿ ಸೂರ್ಯ ಬರುವುದು ಅಲ್ಲೇ ಎಂದು ಗ್ರೀಗ್ ಹೇಳಿಕೊಂಡಿದ್ದಾನೆ.

ಸುಲಭ ಪಾಠದವರು ಕತ್ತರಿಸಿ ಎಸೆದದ್ದು ಆ ಅಲೆದಾಟವನ್ನು. ಅವರ ಹಾಳೆಯಲ್ಲಿ ರಾಗ ಮನೆ ಬಿಟ್ಟೇ ಇರಲಿಲ್ಲ, ಇನ್ನು ವಾಪಸ್ ಬರುವುದೆಲ್ಲಿಂದ. ಅಮ್ಮ ಅವತ್ತು ಬೆಳಕು ಹರಿಯಲಿಲ್ಲ ಎಂದದ್ದು ಸರಿಯಾಗಿಯೇ ಇತ್ತು. ಶ್ರುತಿ ತಪ್ಪಿತು ಎಂದು ಈಗ ಬೈಯುವುದಕ್ಕೂ ಅದಕ್ಕೂ ಸಂಬಂಧ ಇದೆ ಎಂದು ಅವಳಿಗೆ ಹೇಳಿ ನೋಡಿದೆ. “ಹಂಗಾದ್ರೆ ಬೇಗ ಬೇಗ ದಾಟಿಸು ಆ ಜಾಗಾನ,” ಎಂದಳು.

ಗ್ರೀಗ್ ಪಾಠದಲ್ಲೂ ಬಿಟ್ಟದ್ದಿದೆ. ಪಿಯಾನೊದಲ್ಲಿ ಕೊಳಲಿಗೂ ಓಬೋಗೂ ಒಂದೇ ದನಿ. ಒತ್ತಿದ ಸ್ವರ ಆ ಗಳಿಗೆಯಿಂದಲೇ ಸಾಯತೊಡಗುತ್ತದೆ, ಹಾರ್ನಿನ ಹಾಗೆ ಹಿಡಿದು ಉಬ್ಬಿಸಲು ಆಗುವುದಿಲ್ಲ. ಪೆಡಲ್ ಒತ್ತಿ ಸಾವನ್ನು ಸ್ವಲ್ಪ ಮುಂದೂಡಬಹುದು ಅಷ್ಟೆ. ಹಾಗಾಗಿ ಮಿಸ್ ಒಂದು ಉಪಾಯ ಹೇಳಿದರು: ಪಿಯಾನೊ ಹಾಳೆ ನುಡಿಸಿ, ಆದರೆ ಪ್ರತಿ ಸಾಲಿನ ಮೇಲೆ ಪೆನ್ಸಿಲ್ಲಿನಲ್ಲಿ ಇದು ಯಾವ ವಾದ್ಯ ಎಂದು ಪೂರ್ಣ ಸ್ಕೋರ್ ನೋಡಿ ಬರೆದುಕೊಳ್ಳಿ. ಓಬೋ ಎಂದು ಬರೆದ ಕಡೆ ಬೆರಳು ತಾನಾಗಿಯೇ ಸ್ವಲ್ಪ ಬೇರೆ ಥರ ಇಳಿಯುತ್ತದೆ. ಅದು ಭ್ರಮೆ ಇರಬಹುದು. ಹೆಂಡತಿಯ ಪ್ರಕಾರ ಟಕಟಕದಲ್ಲಿ ವ್ಯತ್ಯಾಸವಿಲ್ಲ.

ಎರಡನೇ ಪುಟದ ತನಕ ಬರೆದುಕೊಂಡೆ. ಕೊನೆಯಲ್ಲಿ ಹಾರ್ನ್ ಒಂಟಿಯಾಗಿ ರಾಗದ ಎಳೆ ಎತ್ತುವ ಜಾಗ ಬಂತು. ಅದನ್ನು ಗುರುತು ಹಾಕೋಣವೆಂದು ಎ-3 ಕಟ್ಟು ಹುಡುಕಿದರೆ ಕೊನೆಯ ನಾಲ್ಕು ಹಾಳೆ ಇಲ್ಲ. ಮೇಜಿನ ಮೇಲಿಲ್ಲ, ಮಗಳ ಚೀಲದಲ್ಲಿಲ್ಲ. “ದೊಡ್ಡ ಹಾಳೆ, ಒಂದ್ ಕಡೆ ಖಾಲಿ ಇತ್ತು, ಬೇಡದ್ದು ಅಂದ್ಕೊಂಡೆ,” ಎಂದು ಅಮ್ಮ ಅಡುಗೆಮನೆಯಿಂದ ಹೇಳಿದಳು. ಯುಗಾದಿಗೆ ಕಪಾಟು ತೊಳೆದು ಹೊಸ ಹಾಳೆ ಹಾಸಿದ್ದಾಳೆ. ಸ್ಟೂಲ್ ಹತ್ತಿ, ಹುಣಸೆಹಣ್ಣಿನ ಜಾಡಿ, ಸಾರಿನಪುಡಿ ಡಬ್ಬಿ ಒಂದೊಂದೇ ಇಳಿಸಿದೆ. ಹಾರ್ನ್ ಸಾಲು ಮೂರನೇ ತಟ್ಟಿನಲ್ಲಿತ್ತು, ಅದರ ಮೇಲೆ ತೊಗರಿಬೇಳೆ ಡಬ್ಬಿಯ ದುಂಡು ಗುರುತು. ಹಾಳೆ ಕೀಳಲು ಅವಳು ಬಿಡಲಿಲ್ಲ. ಸ್ಟೂಲಿನ ಮೇಲೇ ನಿಂತು, ಪಿಯಾನೊ ಹಾಳೆಯನ್ನು ಕಪಾಟಿನ ಬಾಗಿಲಿಗೆ ಒತ್ತಿ ಹಿಡಿದು, ಪೆನ್ಸಿಲ್ಲಿನಲ್ಲಿ ‘ಹಾರ್ನ್’ ಎಂದು ಬರೆದುಕೊಂಡೆ.